ಸಾರ್ಡಿನಿಯಾ ಮಡಿವಾಳಪ್ಪನವರು

ಕೊಲ್ಲಿ ದೇಶದ ಮಿರ್ದಿಫ್ ಬಡಾವಣೆಯಲ್ಲಿರುವ ಮಡಿವಾಳಪ್ಪನವರ ಮನೆಗೆ ಚಹಾಕ್ಕೆ ಹೋದವರು ಯಾರೂ ಇಟಲಿಯ ಸಾರ್ಡಿನಿಯಾ ದ್ವೀಪವನ್ನು ಒಂದು ಸುತ್ತು ಹಾಕದೆ ಹೊರಗೆ ಬಂದದ್ದಿಲ್ಲ. ಗದಗಿನ ಈ ಲಿಫ್ಟ್ ಎಂಜಿನಿಯರು ಅಲ್ಲಿ ಇದ್ದದ್ದು ಎಂಟೇ ದಿನ. ಮಾತು ಕೇಳಿದರೆ ಎಂಟು ತಲೆಮಾರಿನಿಂದ ಅಲ್ಲೇ ಕುರಿ ಕಾಯ್ದವರಂತೆ. ಕರಿಯ ಮುಖವಾಡ ತೊಟ್ಟು, ಬೆನ್ನ ತುಂಬ ಗಂಟೆ ಕಟ್ಟಿಕೊಂಡ ಅಲ್ಲಿನ ಹಬ್ಬದ ಮೆರವಣಿಗೆ ಬಂದಾಗ, ವೀರಭದ್ರನ ಕುಣಿತದ ಪುರವಂತರೇ ಎದುರಾದರೆಂದು ತಾವು ಚಪ್ಪಲಿ ಬಿಟ್ಟು ಕೈಮುಗಿದದ್ದನ್ನು ಸೋಫಾದಿಂದೆದ್ದು ಕುಣಿದು ತೋರಿಸುತ್ತಾರೆ. "ನಮ್ಮ ಪುರವಂತರಂಗ ಕುಣಿಕೋತ ಒಡಪು ಒಂದ ಹೇಳಲಿಲ್ಲ ನೋಡ್ರಿ, ಉಳಿದದ್ದೆಲ್ಲಾ ಅದ!" ಆಮೇಲೆ ಡಬ್ಬಿಯಿಂದ, ಆ ದ್ವೀಪದ ಕುರಿಗಾಹಿಗಳು ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುವ ಗರಿಗರಿ ರೊಟ್ಟಿ ಹೊರಬರುತ್ತದೆ, ಚೂರುಚೂರೇ ಪ್ರಸಾದದಂತೆ ಹಂಚುತ್ತಾರೆ. "ವಿಮಾನ ಹತ್ತಿ ಹೋಗಿ ಖಡಕ್ ರೊಟ್ಟಿ ತಂದಾರ್ರೀ, ಸೇಂಗಾ ಚಟ್ನಿ ಹಚ್ಚಿಕೊಂಡು ತಿನ್ರಿ" ಎಂದು ಹೆಂಡತಿ ಬಸವ್ವ ಅಡುಗೆಮನೆಯಿಂದ ಕೂಗುತ್ತಾರೆ. "ಖಲಾಸ್, ಇಕಿಗೆ ರುಚಿನ ತಿಳಿಯಂಗಿಲ್ಲ" ಎಂದು ಅವರು ಫೋನಿನ ನಾನೂರು ಫೋಟೋ ಸರಿಸತೊಡಗುತ್ತಾರೆ. ಒಂದು ವಿಡಿಯೋ ಬಂದಾಗ ಮಾತ್ರ ಬೆರಳು ನಿಲ್ಲುತ್ತದೆ. ಅದರಲ್ಲಿ, ಜೊತೆಗೆ ಹೋಗಿದ್ದ ಬಸವ್ವ ಅಲ್ಲಿಯ ಮುದುಕಿಯೊಬ್ಬಳ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾರೆ. ಈಕೆ ಕನ್ನಡದಲ್ಲಿ, ಆಕೆ ತನ್ನ ಭಾಷೆಯಲ್ಲಿ ಏನೇನೋ ಹೇಳಿ ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾರೆ. ಮಿರ್ದಿಫ್‌ಗೆ ಬಂದು ಹನ್ನೊಂದು ವರ್ಷವಾದರೂ ಮಾತಿಗೊಬ್ಬ ನೆರೆಯಾಕೆ ಸಿಗದ ಬಸವ್ವ ಹಾಗೆ ನಕ್ಕದ್ದು ಅದೇ ಮೊದಲು. ಮಡಿವಾಳಪ್ಪನವರು ಡಬ್ಬಿ ಅಲುಗಿಸಿ ನೋಡುತ್ತಾರೆ. "ರೊಟ್ಟಿ ತೀರಾಕ ಬಂದಾವ್ರಿ. ಮತ್ತ ಹೋಗಬೇಕು."