ಹಿಂದಿನ ದನಿಗೆ ನನ್ನ ಸಹಿ

ಲಿಂಗದ ಕರಡಿಗೆಯ ದಾರ ಉಜ್ಜಿ ಉಜ್ಜಿ ನನ್ನ ಓರಗಿತ್ತಿಯ ಕುತ್ತಿಗೆಯ ಸುತ್ತ ಒಂದು ಕಪ್ಪು ಗೆರೆ ಬಿದ್ದಿತ್ತು. ಅವಳು ಹಾಡಲು ಉಸಿರೆಳೆದಾಗ ಆ ಗೆರೆ ತುಸು ಮೇಲೇಳುತ್ತಿತ್ತು. ಅಜ್ಜಂಪುರದಲ್ಲಿ ಯಾರ ಮನೆಯಲ್ಲಿ ತೊಟ್ಟಿಲ ಶಾಸ್ತ್ರವಾದರೂ ಜೋಗುಳಕ್ಕೆ ನಮ್ಮಿಬ್ಬರಿಗೇ ಕರೆ. ಸಾಲು ಎತ್ತಿಕೊಡುವವಳು ನಾನು, ಅದನ್ನೇ ತಿರುಗಿ ಹೇಳುವವಳು ಅವಳು. ಹೊರಡುವಾಗ ಲವಂಗವೊಂದನ್ನು ಉಗುರಿನಲ್ಲಿ ಮುರಿದು ಅರ್ಧ ನನ್ನ ಕೈಗಿಟ್ಟು, "ನೀ ಮುಂದೆ ಅನ್ನಕ್ಕ, ನಾ ಹಿಂದೆ ಬತ್ತೀನಿ" ಅನ್ನುತ್ತಿದ್ದಳು.

ಬಹಳ ಹಿಂದೆ ತರೀಕೆರೆಯ ಕ್ಯಾಸೆಟ್ ಕಂಪನಿಯೊಂದು ನಮ್ಮ ಜೋಗುಳಗಳನ್ನು ರೆಕಾರ್ಡ್ ಮಾಡಿತು. ಅಲ್ಲಿನವರು ನನ್ನನ್ನು ಮೈಕಿನಿಂದ ಒಂದು ಮಾರು ಹಿಂದಕ್ಕೆ ಕೂರಿಸಿ, ಅವಳನ್ನು ಹತ್ತಿರಕ್ಕೆ ಕರೆದರು. ನನ್ನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಅಂದೇ.

ಹೋದ ವರ್ಷ ಕಡೂರಿನಿಂದ ಒಬ್ಬ ಹುಡುಗಿ ಮನೆಗೆ ಬಂದಳು. ಮಕ್ಕಳನ್ನು ಮಲಗಿಸುವ ಆಪ್ ಒಂದನ್ನು ಒಬ್ಬಳೇ ಕೂತು ಮಾಡುತ್ತಿದ್ದಳಂತೆ. ನಮ್ಮ ಜೋಗುಳದ ಲೈಸೆನ್ಸ್ ಕೊಡಲು ಕಂಪನಿಯವರು ಒಪ್ಪಿದ್ದರು. ಆದರೆ ಹಳೆಯ ಕರಾರು ಕ್ಯಾಸೆಟ್ಟಿಗೆ ಮಾತ್ರವಾದ್ದರಿಂದ ಹಾಡಿದ ಇಬ್ಬರೂ ಹೊಸದಾಗಿ ಸಹಿ ಹಾಕಬೇಕಿತ್ತು.

"ಅಜ್ಜಿ, ನಿಮ್ ದನಿ ಜೋರೈತೆ, ಮಕ್ಕಳು ಎದ್ಬಿಡ್ತವೆ. ಹಿಂದೆ ಹೇಳೋರ ದನಿ ಅಷ್ಟೇ ಸಾಕು" ಅಂದಳು.

ಎತ್ತಿಕೊಟ್ಟವಳು ನಾನು, ಹೆಸರು ಅವಳಿಗೆ! ಓರಗಿತ್ತಿ ಸಹಿ ಹಾಕಿ ಕಾಗದ ನನ್ನತ್ತ ಸರಿಸಿದಳು. ಕನ್ನಡಕ ಸಿಗುತ್ತಿಲ್ಲ, ಆಮೇಲೆ ಹಾಕುತ್ತೇನೆ ಎಂದು ಅದನ್ನು ಟ್ರಂಕಿನ ತಳಕ್ಕೆ ಸೇರಿಸಿದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಓರಗಿತ್ತಿ ಅದನ್ನು ನೋಡಿ, ಹುಡುಗಿಗೆ ಕಾಫಿ ತರಲು ಒಳಗೆ ಹೋದಳು.

ಹುಡುಗಿ ಫೋನಿನ ಮೇಲೆ ಫೋನು ಮಾಡಿದಳು. ಒಮ್ಮೆ ಓರಗಿತ್ತಿ ಅವಳಿಗೆ ಹೇಳುತ್ತಿದ್ದದ್ದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. "ಅಕ್ಕ ಒಪ್ಪದೆ ನಂದೂ ಬ್ಯಾಡ ಕಣವ್ವ. ಅವ್ಳು ಅಂದದ್ದನ್ನೇ ಅಲ್ವಾ ನಾ ಅಂದಿರೋದು?" ಆ ಒಳ್ಳೆಯತನವನ್ನು ಕಂಡೂ ನನಗೆ ಹೊಟ್ಟೆಕಿಚ್ಚಾಯಿತು. ಟ್ರಂಕಿನ ಹತ್ತಿರ ಹೋಗಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಎದೆನೋವು ಬಂದು ಅವಳು ಹೊರಟೇಹೋದಳು. ತನ್ನ ದನಿ ಫೋನಿನಲ್ಲಿ ಬಂದದ್ದನ್ನು ಅವಳು ಕೇಳಲಿಲ್ಲ, ಕೇಳದ ಹಾಗೆ ಮಾಡಿದವಳು ನಾನು. ಶಿವಗಣಾರಾಧನೆ ಮುಗಿದ ಮರುದಿನ ಟ್ರಂಕು ತೆರೆದು ಸಹಿ ಹಾಕಿದೆ.

ಈಗ ಅವಳ ಮೊಮ್ಮಗಳ ಕೂಸನ್ನು ಮಧ್ಯಾಹ್ನ ಮಲಗಿಸುವ ಕೆಲಸ ನನ್ನದು. ಆ ಹುಡುಗಿಯ ಆಪ್ ಹಾಕಿ ತೊಟ್ಟಿಲ ಪಕ್ಕ ಫೋನು ಇಡುತ್ತೇನೆ. ನನ್ನ ಸಾಲುಗಳನ್ನು ಕತ್ತರಿಸಿದ ಜಾಗದಲ್ಲಿ ಅವಳು ತುಂಬಿಸಿದ ಹಾರ್ಮೋನಿಯಂ ಶ್ರುತಿಯಷ್ಟೇ ಕೇಳುತ್ತದೆ. ಆ ಜಾಗ ಬಂದಾಗ ನಾನೇ ಬಾಯಿ ತೆರೆಯುತ್ತೇನೆ. ಕೂಸು ಕಣ್ಣರಳಿಸಿ ನನ್ನನ್ನು ನೋಡುತ್ತದೆ, ಓರಗಿತ್ತಿಯ ಸಾಲು ಬಂದ ಕೂಡಲೇ ರೆಪ್ಪೆ ಮುಚ್ಚುತ್ತದೆ. ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಮುಂದಿನ ಸಾಲು ಬಿಡುವುದಿಲ್ಲ. ನಾನು ಎತ್ತಿಕೊಡದೆ ಅವಳು ಎಂದೂ ಹಾಡಿದವಳಲ್ಲ.