ಕಟ್ಟೆಯ ಮೇಲೆ ಅರ್ಧ ಹಾಡು

ತಿಕೋಟಾದ ಭಾಗಪ್ಪನಿಗೆ ವಿಜಾಪುರದ ಈರಯ್ಯ ಸಾವಕಾರನ ಮನೆಯಿಂದ ಒಂದು ಕೂಲಿ ಇನ್ನೂ ಬರಬೇಕಿದೆ. ರೊಕ್ಕದ ಮಾತಲ್ಲ; ರೊಕ್ಕ ಕೊಟ್ಟರು. ಬರಬೇಕಾದದ್ದು ಒಂದು ಹಾಡು. ಮೊದಲಿನಿಂದ ಕೊನೆಯ ತನಕ, ಪಡಸಾಲೆಯಲ್ಲಿ ಕೂತು ಕೇಳುವುದು.

ಭಾಗಪ್ಪ ವಿಜಾಪುರದ ಬಸ್‌ ಸ್ಟ್ಯಾಂಡ್ ಹತ್ತಿರ ಕಾಸಿಮಸಾಬನ ರೇಡಿಯೋ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದ. ಆ ಕಸುಬಿನ ಹಣೆಬರಹವೇ ಹಾಗೆ. ಮಶೀನು ಕೆಟ್ಟು ಗುಂಯ್ಗುಡುವಷ್ಟು ಹೊತ್ತು ನಿಮ್ಮ ಮುಂದೆ ಇರುತ್ತದೆ. ನೆಟ್ಟಗೆ ಹಾಡತೊಡಗಿತೋ, ಸ್ವಿಚ್ಚು ಆರಿಸಿ ಒಡೆಯನಿಗೆ ಒಪ್ಪಿಸಬೇಕು. ಶನಿವಾರ ಸಂಜೆ ತಿಕೋಟಾದಲ್ಲಿ ಬಸ್ಸಿಳಿದು ಮನೆಗೆ ಹೋದರೆ ಹೆಂಡತಿ ಮಾಳವ್ವ ರೊಟ್ಟಿ ಬಡಿಯುತ್ತ ಈ ವಾರ ಯಾವ ಹಾಡು ಕೇಳಿದಿ ಎನ್ನುವಳು. ಅವಳು ಬಬಲೇಶ್ವರದ ಹೆಣ್ಣು, ಹಾಡೆಂದರೆ ಜೀವ. ಇವನು ಎರಡು ಸಾಲು ಗುನುಗುವನು.

"ಮುಂದ?"

"ಮುಂದ ಆರಿಸಿದೆ."

"ನಿನ್ನ ಕಟಗೊಂಡು ನನಗ ಒಂದ ಹಾಡೂ ಪೂರಾ ದಕ್ಕಲಿಲ್ಲ ನೋಡು," ಎಂದು ಅವಳು ನಗುತ್ತಿದ್ದಳು. ಅವರ ಕೇರಿಗೆ ಕರೆಂಟು ಬಂದಿರಲಿಲ್ಲ. ಅವಳಿಗೆ ಹಾಡು ಬರಬೇಕೆಂದರೆ ಇವನ ಬಾಯಿಂದಲೇ ಬರಬೇಕು.

ಅರವತ್ನಾಲ್ಕರ ಬೇಸಿಗೆಯಲ್ಲಿ ಈರಯ್ಯನ ಮನೆಯ ಆಂಪ್ಲಿಫಾಯರ್ ಕೆಟ್ಟಿತು. ಮುಂಬೈಯಿಂದ ತಂದ ಹಳೆಯ ಮಶೀನು, ಗ್ರಾಮಫೋನಿನ ಸಣ್ಣ ದನಿಯನ್ನು ಪಡಸಾಲೆ ತುಂಬುವಷ್ಟು ದೊಡ್ಡದು ಮಾಡುವಂಥದು. ಹಿಂದಿನ ತಗಡು ಎಂದೋ ಕಳೆದು, ಬಲ್ಬಿನಂಥ ಗಾಜಿನ ವಾಲ್ವುಗಳು ಬೆತ್ತಲೆ ನಿಂತಿದ್ದವು. ಭಾಗಪ್ಪ ದಲಿತರ ಕೇರಿಯವನು. ಆದ್ದರಿಂದ ಅವನು ಒಳಗೆ ಹೋಗಲಿಲ್ಲ. ಮಶೀನೇ ಹೊರಗೆ ಕಟ್ಟೆಗೆ ಬಂತು, ಕಿಟಕಿಯಿಂದ ಕರೆಂಟಿನ, ಗ್ರಾಮಫೋನಿನ ವೈರು ಎಳೆದರು. ಈರಯ್ಯ ಅಂದು ಲಹರಿಯಲ್ಲಿದ್ದ.

"ನೆಟ್ಟಗ ಮಾಡಿ ಕೊಡಲೇ ಭಾಗ್ಯಾ. ಒಳಗ ಕುಂದ್ರಿಸಿ ಒಂದ್ ಹಾಡು ಪೂರಾ ಕೇಳಸ್ತೀನಿ."

ಸಾವಕಾರ ಆಡಿ ಮರೆತ. ಭಾಗಪ್ಪ ಮರೆಯಲಿಲ್ಲ.

ಉಬ್ಬಿದ ಕಂಡೆನ್ಸರ್ ಕಿತ್ತು ಹೊಸದು ಬೆಸೆದ. ಗುಂಯ್ ಎನ್ನುವುದು ಹೋಗಿ ಹಾಡು ಎದ್ದಿತು. ಆರಿಸಿದ, ಆಳುಗಳು ಎತ್ತಿಕೊಂಡು ಒಳಗೆ ಹೋದರು. ಇವನು ಓಣಿಯ ತಿರುವು ಮುಟ್ಟುವುದರೊಳಗೆ ಕರೆ ಬಂತು: ಮಶೀನು ಮೂಕಾಗಿದೆ. ಬಂದು ನೋಡಿದರೆ ಒಂದು ವಾಲ್ವಿನ ತಲೆಯೊಳಗಿನ ಬೆಳ್ಳಿಬಣ್ಣ ಸುಣ್ಣದಂತೆ ಬಿಳಿಚಿದೆ. ಗಾಜು ಎಳೆಯಷ್ಟು ಸೀಳಿ ಗಾಳಿ ಹೊಕ್ಕಿದೆ. ಹೊಸ ವಾಲ್ವು ಹಾಕಿ ಹಾಡಿಸಿ ಕೊಟ್ಟ. ಒಳಗೆ ಹೋದದ್ದೇ ಅದೂ ಬಿಳಿಚಿತು.

ವಾಲ್ವು ಬದಲಿಸುವುದು ಬಿಟ್ಟು ನಿನ್ನ ಕೈ ಬದಲಿಸಿಕೋ ಎಂದು ಕಾಸಿಮಸಾಬ ಚುಚ್ಚಿದ. ಭಾಗಪ್ಪನಿಗೂ ಅದೇ ಅನುಮಾನ. ಕರೆಂಟು ಅಳೆದ, ಬೆಸುಗೆ ಎಲ್ಲ ಬಿಚ್ಚಿ ಮತ್ತೆ ಹಾಕಿದ, ಕೂಸನ್ನು ಎತ್ತಿದ ಹಾಗೆ ಎತ್ತಿರಿ ಎಂದು ಆಳುಗಳಿಗೆ ಹೇಳಿದ. ಮತ್ತೊಂದು ವಾಲ್ವು ಹೋಯಿತು. ನಿದ್ದೆಯಲ್ಲೂ ಅವನಿಗೆ ತನ್ನ ಬೆರಳುಗಳೇ ಕಾಣತೊಡಗಿದವು.

ಕಡೆಗೆ ಹೇಳಿದವಳು ಆ ಮನೆಯ ಸೊಸೆ ಮುರಿಗೆವ್ವ, ಬಾಗಿಲ ಮರೆಯಿಂದ, ಮೆಲ್ಲಗೆ.

"ಯಣ್ಣಾ, ನಿನ್ನ ಕೈದೇನ ತಪ್ಪಿಲ್ಲ. ನೀ ಮುಟ್ಟಿದ್ದು ಅಂತ ನಮ್ಮ ಅತ್ತಿ ಹೊಸ್ತಿಲದಾಗ ತಂಬಿಗಿ ನೀರು ಚಿಮುಕಿಸಿ ಒಳಗ ತಗೋತಾರ."

ಈಗಷ್ಟೇ ಆರಿಸಿದ ವಾಲ್ವೆಂದರೆ ಕಾದ ಹಂಚು. ತಣ್ಣೀರು ಬಿದ್ದರೆ ಸೀಳದೆ ಏನು ಮಾಡೀತು? ಭಾಗಪ್ಪನಿಗೆ ಮೊದಲು ನಗು ಬಂತು, ತನ್ನ ಕೈ ಸರಿಯಿತ್ತಲ್ಲ ಎಂದು. ಸಿಟ್ಟು ಆಮೇಲೆ ಬಂತು. ಹೊಸ ವಾಲ್ವನ್ನು ಕಿಸೆಯಲ್ಲಿಟ್ಟುಕೊಂಡು ಈರಯ್ಯನೆದುರು ನಿಂತ.

"ಈ ವಾಲ್ವು ಒಳಗ ಬಂದ ಹಾಕ್ತೀನ್ರಿ, ನೀವು ಅಂದಿದ್ದ ಹಾಡೂ ಅಲ್ಲೇ ಕೇಳ್ತೀನಿ. ಕಾದ ಗಾಜಿಗೆ ಮಡಿ ಮೈಲಿಗಿ ತಿಳಿಯಂಗಿಲ್ಲ, ನೀರಷ್ಟ ತಿಳೀತೈತಿ."

ಈರಯ್ಯ ತನ್ನ ತಾಯಿ, ನೀರು ಚಿಮುಕಿಸುತ್ತಿದ್ದ ಗೌರಾಬಾಯಿಯ ಮುಖ ನೋಡಿದ. ಬತ್ತಿ ಹೊಸೆಯುತ್ತಿದ್ದ ಮುದುಕಿ ತಲೆ ಎತ್ತದೆ, ಈ ಸಲ ನೀರು ಹಾಕುವುದಿಲ್ಲ ಎಂದಳು. ನೀರು ನಿಂತಿತು, ಹೊಸ್ತಿಲು ನಿಂತಲ್ಲೇ ಇತ್ತು. ಕಿಟಕಿ ತೆಗೆದಿಡುತ್ತೇನೆ, ಕಟ್ಟೆ ಮೇಲೆ ಕೂತು ಕೇಳು, ಎಲ್ಲಿ ಕೇಳಿದರೂ ಹಾಡು ಹಾಡೇ ಎಂದ ಈರಯ್ಯ.

"ಕಟ್ಟಿ ಮ್ಯಾಲ ಕೇಳಿದ್ದು ಟೆಸ್ಟಿಂಗ್ರಿ ಸಾವಕಾರ್ರ, ಹಾಡಲ್ಲ."

ಹಾಗೆಂದರೂ ಕಟ್ಟೆಯ ಮೇಲೇ ವಾಲ್ವು ಹಾಕಿಕೊಟ್ಟ. ಹೊಟ್ಟೆ ಇತ್ತು, ಅಂಗಡಿಯ ಹೆಸರಿತ್ತು. ರೊಕ್ಕ ಇಸಿದುಕೊಂಡು ಹೊರಟ. ಹಾಡು ಬೆನ್ನ ಹಿಂದೆ ಬಂತು. ಎರಡನೆಯ ಸಾಲು ದಾಟಿತು, ಅವನು ಎಂದೂ ಕೇಳದ ಮೂರನೆಯದು ಬಂತು, ನಾಲ್ಕನೆಯದೂ ಬಂತು. ಕಾಲುಗಳು ತಾವಾಗಿ ನಿಧಾನವಾದವು. ಆದರೆ ನಿಲ್ಲಲಿಲ್ಲ. ತಿರುವಿನಲ್ಲಿ ಹಾಡು ಗೋಡೆಯ ಆಚೆ ಉಳಿಯಿತು.

ಆ ಶನಿವಾರ ಮಾಳವ್ವನ ಮುಂದೆ ನಾಲ್ಕು ಸಾಲು ಗುನುಗಿದ. ಅವಳ ಕೈಯಲ್ಲಿನ ರೊಟ್ಟಿ ಹಾಗೇ ನಿಂತಿತು.

"ಮುಂದ?"

"ಮುಂದ ಓಣಿ ಮುಗೀತು."

ಅವಳು ನಗಲಿಲ್ಲ.

ಗಂಡ ಹೆಂಡತಿ ಇಬ್ಬರೂ ಈಗಿಲ್ಲ. ಆ ಮನೆ ಕೂಲಿ ತೀರಿಸಲಿಲ್ಲ, ನೀವು ತೀರಿಸಿ. ನಿಮ್ಮ ಮನೆಗೆ ರಿಪೇರಿಯವನು ಬಂದರೆ ಅವನನ್ನು ಎಲ್ಲಿ ಕೂರಿಸುತ್ತೀರಿ, ಎದೆ ಮುಟ್ಟಿಕೊಂಡು ಹೇಳಿ. ಒಳಗೆ ಕೂರಿಸಿ. ಹಾಡು ಮುಗಿಯುವ ತನಕ ಸ್ವಿಚ್ಚಿಗೆ ಕೈ ಹಾಕಬೇಡಿ.