ಬಂದೂಕಿಗೆ ಸುತ್ತಿದ ರುಮಾಲು

ಹೊಲಿಗೆ ಮಷಿನ್ನಿಗೆ ಬಿಡುವ ಎಣ್ಣೆಗೆ ಒಂದು ವಾಸನೆ ಇದೆ. ದರ್ಜಿಯ ಅಂಗಡಿಯಲ್ಲಿ ನಿಂತಾಗ ನಿಮ್ಮ ಮೂಗಿಗೂ ಅದು ಬಡಿದಿರಬಹುದು, ಬಡಿದು ಮರೆತೂ ಹೋಗಿರಬಹುದು. ನನಗೆ ಮಾತ್ರ ಅದು, ಅದೇ ಎಣ್ಣೆ ಹಾಕಿ ಒರೆಸುತ್ತಿದ್ದ ಅಜ್ಜನ ಬಂದೂಕಿನ ವಾಸನೆ. ಹೋದ ತಿಂಗಳು ಮಾನ್ವಿಯ ಪೊಲೀಸ್ ಠಾಣೆಯಲ್ಲಿ ನನ್ನ ಕಾಕಾನ ಮಗ ಶರಣಪ್ಪನ ಜೊತೆ ಬೆಂಚಿನ ಮೇಲೆ ಕೂತಿದ್ದೆ. ಅಜ್ಜನ ಬಂದೂಕನ್ನು ಸರಕಾರಕ್ಕೆ ಪೂರ್ತಿಯಾಗಿ ಒಪ್ಪಿಸಿಬಿಡುವ ಕಾಗದಕ್ಕೆ ಸಹಿ ಹಾಕಲು ನಾವಿಬ್ಬರೂ ಬಂದಿದ್ದೆವು. ಒಳಗಿನ ಕೋಣೆಯಿಂದ ಪೇದೆಯೊಬ್ಬ ಉದ್ದನೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟ. ಸುತ್ತಿದ್ದ ಕೆಂಪು ಬಟ್ಟೆ ಬಿಚ್ಚಿದ್ದೇ ತಡ, ಮೊದಲು ಆ ಎಣ್ಣೆಯ ವಾಸನೆ, ಅದರ ಬೆನ್ನಿಗೇ ಜೋಳದ ಹಿಟ್ಟಿನ ವಾಸನೆ, ಹೊಗೆ ಕುಡಿದ ಹಳೆಯ ಮಾಳಿಗೆ ಮನೆಯ ವಾಸನೆ. ರಾಯಚೂರಿನ ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ಕೂರಿಸುವ ಅಕ್ಕೋರು ನಾನು. ಐವತ್ತರ ಹತ್ತಿರ ಬಂದಿದ್ದೇನೆ. ಆದರೂ ಅಷ್ಟು ಜನರ ಎದುರಿಗೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಶರಣಪ್ಪ ಗೋಡೆಯ ಕ್ಯಾಲೆಂಡರ್ ನೋಡುವವನ ಹಾಗೆ ಮುಖ ತಿರುಗಿಸಿಕೊಂಡ.

ನಮ್ಮೂರು ಕುರ್ಡಿಯ ಆ ಮನೆ ಈಗ ಇಲ್ಲ. ಮಣ್ಣಿನ ಮಾಳಿಗೆ, ಅದರ ನಡುವೆ ಬೆಳಕಿಂಡಿ, ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲಿನಲ್ಲಿ ಸದಾ ಕುಣಿಯುವ ಧೂಳು. ಪಡಸಾಲೆಯ ಗೋಡೆಗೆ ಎರಡು ಕಟ್ಟಿಗೆಯ ಗೂಟ, ಅವುಗಳ ಮೇಲೆ ಅಡ್ಡಡ್ಡ ಮಲಗಿದ ಒಂಟಿ ನಳಿಗೆಯ ಬಂದೂಕು, ಕೆಳಗೆ ಅಜ್ಜನ ಕಂಬಳಿ. ಒಳಗೆ ಅಡುಗೆಮನೆಯ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಗಡಿಗೆಗಳ ಅಡಕಲು. ಅದರಲ್ಲಿ ಮೇಲಿನಿಂದ ಮೂರನೆಯ ಗಡಿಗೆಯೊಳಗೆ, ತೊಗರಿಬೇಳೆಯ ನಡುವೆ ಹುದುಗಿಸಿಟ್ಟ ಒಂದು ತಗಡಿನ ಡಬ್ಬಿ. ಬಂದೂಕು ಅಜ್ಜನದು, ಡಬ್ಬಿ ಅಜ್ಜಿಯದು. ಡಬ್ಬಿಯಲ್ಲಿ ಬಂದೂಕಿಗೆ ತುಂಬುವ ತೋಟಾಗಳಿದ್ದವು. ಈ ಹಂಚಿಕೆ ನಮ್ಮ ಮನೆಯಲ್ಲಿ ಎಷ್ಟು ಸಹಜವಾಗಿತ್ತೆಂದರೆ, ಬಂದೂಕು ಇರುವ ಎಲ್ಲರ ಮನೆಯಲ್ಲೂ ತೊಗರಿಬೇಳೆಯ ಗಡಿಗೆ ಇಂಥದ್ದಕ್ಕೇ ಇರುತ್ತದೆಂದು ನಾನು ಬಹಳ ವರ್ಷ ತಿಳಿದಿದ್ದೆ.

ಈ ಹಂಚಿಕೆಗೆ ಕಾರಣನಾದವನು ರಾಯಚೂರಿನ ಪೇಟೆಯ ಒಬ್ಬ ಮುದುಕ. ಕಾಡುಹಂದಿಗಳಿಂದ ಬೆಳೆ ಕಾಯಲೆಂದು ಅಜ್ಜನಿಗೆ ಲೈಸೆನ್ಸು ಸಿಕ್ಕಿತ್ತು. ಅವನು ಬಂದೂಕು ಕೊಳ್ಳಲು ಹೋದಾಗ, ಅಂಗಡಿಯ ಆ ಚಾಚಾ ಅದನ್ನು ಒರೆಸಿ ಕೈಗೆ ಕೊಡುವ ಮುಂಚೆ ಹೇಳಿದನಂತೆ: "ಬಂದೂಕ್ ಅಲಗ್, ತೋಟಾ ಅಲಗ್. ದೋನೋ ಕೋ ಏಕ್ ಖೋಲಿ ಮೇ ಸುಲಾನಾ ನಕ್ಕೋ." ಬಂದೂಕು ಬೇರೆ, ತೋಟಾ ಬೇರೆ, ಎರಡನ್ನೂ ಒಂದೇ ಕೋಣೆಯಲ್ಲಿ ಮಲಗಿಸಬೇಡ ಅಂತ. ಅಜ್ಜ ಮನೆಗೆ ಬಂದು, ಗಂಡ ಹೆಂಡತಿಯನ್ನು ಬೇರೆ ಮಲಗಿಸಿದ ಹಾಗೆ ಮಾತಾಡ್ತಾನ ಮುದುಕ ಎಂದು ಎಲ್ಲರೆದುರು ಹೇಳಿ ನಕ್ಕನಂತೆ. ಎಲ್ಲರೂ ನಕ್ಕರು, ಅಜ್ಜಿ ಒಬ್ಬಳು ನಗಲಿಲ್ಲ. ಅಜ್ಜನ ಚೀಲದಿಂದ ತೋಟಾಗಳನ್ನು ತೆಗೆದು ಸೆರಗಿಗೆ ಹಾಕಿಕೊಂಡು ಒಳಗೆ ಹೋದಳು. ಆ ದಿನದಿಂದ ಅವು ಅವಳ ಪಾಲಾದವು.

ಮುಂಗಾರಿನ ಸೇಂಗಾ ಕಾಯಿ ಕಟ್ಟುವ ಹೊತ್ತಿಗೆ ಹಂದಿಗಳ ಕಾಟ ಶುರುವಾಗುತ್ತಿತ್ತು. ಹೊತ್ತು ಮುಳುಗುವ ಮೊದಲು ಅಜ್ಜ ಗೂಟದಿಂದ ಬಂದೂಕು ಇಳಿಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅಜ್ಜಿ ಕೇಳುತ್ತಿದ್ದಳು, "ಯಾತಕ್ಕ?" ಅಜ್ಜ ಹೇಳುತ್ತಿದ್ದ, "ಹಂದಿಗಿ." ಅಷ್ಟಾದ ಮೇಲೆ ಗಡಿಗೆಗಳು ಇಳಿಯುತ್ತಿದ್ದವು, ಡಬ್ಬಿ ಹೊರಬರುತ್ತಿತ್ತು, ಎರಡು ತೋಟಾ ಅವನ ಅಂಗೈ ಸೇರುತ್ತಿದ್ದವು. ದಿನಾ ಅದೇ ಪ್ರಶ್ನೆ, ಅದೇ ಉತ್ತರ. ಹಂದಿಗೆ ಅಲ್ಲದೆ ಇನ್ಯಾತಕ್ಕೆ ಎಂದು ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಮಾರನೆಯ ಬೆಳಿಗ್ಗೆ ಹಾರಿಸದ ತೋಟಾ ಇದ್ದರೆ ಅದು, ಹಾರಿಸಿದ್ದರೆ ಅದರ ಖಾಲಿ ಕೊಳವೆ, ಏನಾದರೂ ಒಂದು ಅವಳ ಕೈಗೆ ವಾಪಸು ಬರಲೇಬೇಕು. ಖಾಲಿ ಕೊಳವೆಗಳು ಆಮೇಲೆ ನಮ್ಮವು. ಹಿತ್ತಾಳೆಯ ತಳದ ಆ ಕೆಂಪು ಕೊಳವೆಯ ಬಾಯಿಗೆ ತುಟಿ ಇಟ್ಟು ಊದಿದರೆ ಸಿಳ್ಳೆ ಬರುತ್ತಿತ್ತು, ನಾಲಗೆಗೆ ಸುಟ್ಟ ಮದ್ದಿನ ಒಗರು ತಾಗುತ್ತಿತ್ತು. ಅಜ್ಜ ಎಷ್ಟು ಹಂದಿ ಹೊಡೆದನೆಂದು ಮಾತ್ರ ಕೇಳಬೇಡಿ. ಅವನು ಆಕಾಶಕ್ಕೇ ಹಾರಿಸುತ್ತಿದ್ದ, ಸಪ್ಪಳಕ್ಕೆ ಹಂದಿಗಳು ಓಡುತ್ತಿದ್ದವು, ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಿದ್ದವು.

ಚುನಾವಣೆ ಬಂತೆಂದರೆ ಲೈಸೆನ್ಸಿದ್ದವರೆಲ್ಲ ಬಂದೂಕನ್ನು ಠಾಣೆಯಲ್ಲಿ ಜಮಾ ಮಾಡಬೇಕು. ಅಜ್ಜನಿಗೆ ಅದೊಂದು ಹಬ್ಬ. ಒಗೆದ ಧೋತರ ಉಟ್ಟು, ಕೆಂಪು ರುಮಾಲು ಸುತ್ತಿ, ಬಂದೂಕನ್ನು ಗೋಣಿಚೀಲದಲ್ಲಿ ಮುಚ್ಚಿಕೊಂಡು ಮಾನ್ವಿಯ ಬಸ್ಸು ಹತ್ತುತ್ತಿದ್ದ. ಸಂಜೆಗೆ ಒಂದು ರಸೀದಿ, ನಮಗೆ ಒಂದು ಪೊಟ್ಟಣ ಖಾರಾ ಹಿಡಿದು ಬರುತ್ತಿದ್ದ. ಬಂದೂಕಿಲ್ಲದ ಆ ದಿನಗಳಲ್ಲಿ ಗೋಡೆಯ ಎರಡು ಗೂಟಗಳನ್ನು ನೋಡಿದರೆ ಮನೆಯಲ್ಲಿ ಯಾರೋ ಊರಿಗೆ ಹೋದಂತೆ ಅನ್ನಿಸುತ್ತಿತ್ತು. ಹಂದಿಗಳಿಗೆ ಆ ಸುದ್ದಿ ಯಾರು ಮುಟ್ಟಿಸುತ್ತಿದ್ದರೋ, ಹಿಂಡು ಹಿಂಡಾಗಿ ಬರುತ್ತಿದ್ದವು. ನಾವು ತಗಡಿನ ಡಬ್ಬ ಬಡಿಯುತ್ತ ಹೊಲದ ಬದುವಿನ ಮೇಲೆ ಓಡುತ್ತಿದ್ದೆವು. ಓಟು ಹಾಕುವ ತನಕ ಹಂದಿಗಳದೇ ರಾಜ್ಯ ಎಂದು ಅಜ್ಜ ಗೊಣಗುತ್ತಿದ್ದ. ಆದರೆ ಜಮಾ ಮಾಡುವುದಕ್ಕೆ ಒಂದು ಸಲವೂ ತಕರಾರು ತೆಗೆದವನಲ್ಲ.

ನನಗೆ ಹತ್ತು ವರ್ಷವಿದ್ದಾಗ ನಡೆದದ್ದನ್ನು ಈಗ ಹೇಳಬೇಕು. ಭೀಮಣ್ಣ ಎನ್ನುವವನು ನಮ್ಮ ಮೇಲಿನ ಹೊಲದವನು, ಅಜ್ಜನ ಜೊತೆ ಕುರಿ ಕಾಯ್ದು ಬೆಳೆದವನು. ಕಾಲುವೆಯ ನೀರಿಗೆ ಪಾಳಿ ಇತ್ತು. ನಮ್ಮ ಪಾಳಿಯ ದಿನ ಭೀಮಣ್ಣ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡ. ಅಜ್ಜ ಕೇಳಲು ಹೋದ. ಚಹಾದ ಹೋಟೆಲಿನ ಮುಂದೆ ಮಾತಿಗೆ ಮಾತು ಬೆಳೆಯಿತು. ಭೀಮಣ್ಣ ಊರವರೆಲ್ಲರ ಎದುರು ಅಜ್ಜನ ರುಮಾಲಿಗೆ ಕೈ ಹಾಕಿ ಕಿತ್ತು ಕೆಸರಿಗೆ ಎಸೆದ. ರುಮಾಲು ಕಿತ್ತರೆ ಏನಾಗುತ್ತದೆಂದು ಆ ಕಾಲದ ಗಂಡಸರನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಅಜ್ಜ ನಡು ಮಧ್ಯಾಹ್ನ ಬರಿದಲೆಯಲ್ಲಿ ಮನೆಗೆ ಬಂದ. ಅವನ ತಲೆಯನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು. ಮುಖ ಕರ್ರಗೆ ಸುಟ್ಟಿತ್ತು, ರುಮಾಲಿನ ಅಂಚಿನಿಂದ ಮೇಲೆ ಹಣೆ ಮಗುವಿನ ಹಣೆಯಂತೆ ಬೆಳ್ಳಗಿತ್ತು. ನನಗೆ ಅಂಜಿಕೆಗಿಂತ ನಾಚಿಕೆಯಾಯಿತು, ನೋಡಬಾರದ್ದನ್ನು ನೋಡಿದೆನೆಂದು.

ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿದ್ದೆ. ಅಜ್ಜ ಬಂದೂಕು ಇಳಿಸಿಕೊಂಡು ಬಾಗಿಲಿಗೆ ಬಂದ.

"ತೋಟಾ ಕೊಡು."

ಅಜ್ಜಿಯ ಕೈ ನಿಂತಿತು. ಅವನ ಬರಿದಲೆಯನ್ನು ನೋಡಿದಳು. ಹೋಟೆಲಿನ ಮುಂದೆ ನಡೆದದ್ದು ಅಜ್ಜ ಬರುವ ಮುಂಚೆಯೇ ಮನೆ ಮುಟ್ಟಿತ್ತು, ಅವಳಿಗೆ ಎಲ್ಲ ಗೊತ್ತಿತ್ತು. ಆದರೂ ದಿನಾ ಕೇಳುವ ದನಿಯಲ್ಲೇ ಕೇಳಿದಳು.

"ಯಾತಕ್ಕ?"

ಅಜ್ಜ ಹಂದಿಗಿ ಎಂದುಬಿಟ್ಟಿದ್ದರೆ ಸಾಕಿತ್ತು, ಅಷ್ಟು ವರ್ಷದ ಕರಾರಿನ ಪ್ರಕಾರ ಅವಳು ಕೊಡಲೇಬೇಕಿತ್ತು. ಕೇಳದೆ ತೆಗೆದುಕೊಳ್ಳಬೇಕೆಂದರೂ ಅಡಕಲು ಎರಡು ಹೆಜ್ಜೆ ದೂರದಲ್ಲಿತ್ತು, ಯಾವ ಗಡಿಗೆ ಎನ್ನುವುದು ಮನೆಯ ಬೆಕ್ಕಿಗೂ ಗೊತ್ತಿತ್ತು. ಅಜ್ಜ ಆ ಕಡೆ ಒಮ್ಮೆ ನೋಡಿದ, ಅಜ್ಜಿಯನ್ನು ಒಮ್ಮೆ ನೋಡಿದ. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು, ಮನೆಯಲ್ಲಿ ಒಂದು ರೊಟ್ಟಿ ಸೀದರೂ ಸಹಿಸದ ಅಜ್ಜಿ ಅದನ್ನು ತಿರುವಿ ಹಾಕಲಿಲ್ಲ. ಆಮೇಲೆ ಅಜ್ಜ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೊಸ್ತಿಲ ಮೇಲೆ ಕುಸಿದು ಕೂತ. ಅವನ ಹೆಗಲು ಅಲುಗುತ್ತಿತ್ತು. ಅಜ್ಜಿ ಎದ್ದು ಹಿಟ್ಟಿನ ಕೈಯಲ್ಲೇ ಅವನ ತೊಡೆಯಿಂದ ಬಂದೂಕು ತೆಗೆದುಕೊಂಡು ಗೂಟಕ್ಕೆ ಏರಿಸಿದಳು. ಅದನ್ನು ಅವಳು ಮುಟ್ಟಿದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ನಳಿಗೆಯ ಮೇಲೆ ಅವಳ ಬೆರಳುಗಳು ಬೆಳ್ಳಗೆ ಮೂಡಿದ್ದವು.

"ಉಣ್ಣ ಬರ್ರಿ, ರೊಟ್ಟಿ ಆರತಾವ," ಅಂದಳು.

ಆ ಸಂಜೆ ನನ್ನ ತಲೆ ಬಾಚುತ್ತ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, ಒಂದೇ ಮಾತು ಆಡಿದಳು. "ನಮ್ಮ ತವರಿನಾಗ ಆವತ್ತು ಯಾರೂ ಕೇಳಲಿಲ್ಲವ್ವ." ಅವಳ ತವರು ದೇವದುರ್ಗದ ಕಡೆ. ಅಲ್ಲಿ ಅವಳ ಅಣ್ಣ ಬದುವಿನ ಜಗಳಕ್ಕೆ ಮನೆಯ ಬಂದೂಕು ಹಿಡಿದು ಹೋಗಿದ್ದ. ಒಬ್ಬನ ಜೀವ ಹೋಯಿತು, ಅಣ್ಣ ಜೈಲಿನಿಂದ ಬರುವಾಗ ಮುದುಕನಾಗಿದ್ದ. ಇದನ್ನು ನನಗೆ ಅವ್ವ ಹೇಳಿದ್ದು ಬಹಳ ವರ್ಷಗಳ ಮೇಲೆ. ಹೇಳಿದ ದಿನ, ಅಜ್ಜಿಯ ಯಾತಕ್ಕ ಎನ್ನುವ ಪ್ರಶ್ನೆಗೆ ಒಂದು ಕಾಲಕ್ಕೆ ನಕ್ಕಿದ್ದ ನಾನು ಊಟ ಬಿಟ್ಟು ಎದ್ದಿದ್ದೆ.

ಮಾರನೆಯ ಬೆಳಿಗ್ಗೆ ಭೀಮಣ್ಣನ ಹೆಂಡತಿ ಒಗೆದು ಒಣಗಿಸಿ ಮಡಿಚಿದ ರುಮಾಲನ್ನು ನಮ್ಮ ಕಟ್ಟೆಯ ಮೇಲಿಟ್ಟು ಹೋದಳು. ನೀರಿನ ಪಾಳಿ ಮತ್ತೆ ತಪ್ಪಲಿಲ್ಲ. ಅಜ್ಜ ಬೇರೆ ರುಮಾಲು ಸುತ್ತಿಕೊಂಡ, ಕೆಸರಿಗೆ ಬಿದ್ದದ್ದನ್ನು ಮಾತ್ರ ತಲೆಗೆ ಮುಟ್ಟಿಸಲಿಲ್ಲ. ಎಷ್ಟೋ ದಿನ ಕಟ್ಟೆಯ ಗೂಡಿನಲ್ಲೇ ಬಿದ್ದಿತ್ತು. ಒಂದು ದಿನ ನೋಡಿದರೆ, ಗೋಡೆಯ ಬಂದೂಕಿಗೆ ಆ ಕೆಂಪು ಬಟ್ಟೆ ಸುತ್ತಿತ್ತು. ಸುತ್ತಿದವನು ಅಜ್ಜನೇ. ಅಲ್ಲಿಂದ ಮುಂದೆ ಹಂದಿಗೆ ಹೋಗುವಾಗಲೂ ಮೊದಲು ಆ ರುಮಾಲು ಬಿಚ್ಚಬೇಕಿತ್ತು.

ಅಜ್ಜ ಹೋದ ಮೇಲೆ ಕಾಕಾ ಬಂದೂಕನ್ನು ರುಮಾಲು ಸಮೇತ ಠಾಣೆಗೆ ಜಮಾ ಮಾಡಿದ. ಲೈಸೆನ್ಸು ನಿನ್ನ ಹೆಸರಿಗೆ ಮಾಡಿಸೋಣವ್ವ ಎಂದು ಅವನು ಕೇಳಿದರೆ ಅಜ್ಜಿ ಬೇಡವೆಂದು ಕೈ ಮುಗಿದಳು. ಉಳಿದ ತೋಟಾಗಳನ್ನೂ ತಾನೇ ಬಸ್ಸು ಹತ್ತಿ ಹೋಗಿ ಒಪ್ಪಿಸಿ ಬಂದಳು. ಮುಂದೆ ಅವಳೂ ಹೋದಳು, ಗಡಿಗೆಗಳನ್ನು ಯಾರೋ ಒಯ್ದರು, ಮಾಳಿಗೆ ಕೆಡವಿ ಸಿಮೆಂಟಿನ ಮನೆ ಎದ್ದಿತು. ಬಂದೂಕನ್ನು ಎಲ್ಲರೂ ಮರೆತೇಬಿಟ್ಟಿದ್ದೆವು.

ಈ ಬೇಸಿಗೆಯಲ್ಲಿ ಶರಣಪ್ಪ ರಾಯಚೂರಿನ ನನ್ನ ಮನೆಗೆ ಒಂದು ಅರ್ಜಿ ಹಿಡಿದು ಬಂದ. ಶಕ್ತಿನಗರದಲ್ಲಿ ಗುತ್ತಿಗೆ ಕೆಲಸ ಮಾಡಿಸುತ್ತಾನೆ, ಕುರ್ಡಿಯ ಹೊಲವನ್ನೂ ಬಿಟ್ಟಿಲ್ಲ. ಅಜ್ಜನ ಬಂದೂಕನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಉಳಿದ ವಾರಸುದಾರರ ಒಪ್ಪಿಗೆ ಬೇಕು, ನನ್ನ ಸಹಿ ಬೇಕು. ಅರ್ಜಿ ಓದುತ್ತ ಹೋದೆ. ಹೆಸರು, ವಯಸ್ಸು, ವಿಳಾಸ. ಮುಂದಿನ ಸಾಲಿಗೆ ಬಂದಾಗ ನನ್ನ ಪೆನ್ನು ನಿಂತಿತು. ಆಯುಧ ಯಾವ ಉದ್ದೇಶಕ್ಕೆ ಬೇಕು ಎಂದು ಅಲ್ಲಿ ಅಚ್ಚಾಗಿತ್ತು. ಅಕ್ಷರ ಬಾರದ ನನ್ನ ಅಜ್ಜಿಯ ಪ್ರಶ್ನೆ! ಅದರೆದುರಿಗೆ ಶರಣಪ್ಪ ಆತ್ಮರಕ್ಷಣೆ ಎಂದು ಬರೆದಿದ್ದ. ಜೀವಕ್ಕೆ ಸಂಚಕಾರ ಇದ್ದವರು, ಒಂಟಿ ಹೊಲಮನೆಯವರು ಹಾಗೆ ಬರೆದರೆ ಬೇಡವೆನ್ನಲು ನಾನ್ಯಾರು? ನಿನಗೆ ಯಾರ ಭಯ ಅದ ಹೇಳು, ಈಗಲೇ ಸಹಿ ಮಾಡ್ತೀನಿ ಎಂದೆ.

ಅವನು ತಲೆ ಕೆರೆದುಕೊಂಡ. "ಸುಳ್ಳು ಯಾಕ ಹೇಳ್ಲಿ ಅಕ್ಕಾ. ಭಯ ಏನಿಲ್ಲ. ಅದು ಗ್ವಾಡಿ ಮ್ಯಾಲ ಇದ್ರ ನಾಕು ಮಂದಿ ಅಂಜತಾರ."

ಆ ಮಧ್ಯಾಹ್ನದ ಕಥೆ ಅವನಿಗೆ ಗೊತ್ತಿರಲಿಲ್ಲ, ಅವನು ಹುಟ್ಟಿದ್ದೇ ಆಮೇಲೆ. ರೊಟ್ಟಿ ಸೀದದ್ದರಿಂದ ಹಿಡಿದು ಎಲ್ಲ ಹೇಳಿದೆ. ಅವನು ಅರ್ಜಿಯ ಆ ಸಾಲಿನ ಮೇಲೆ ಬೆರಳಿಟ್ಟ.

"ಅಜ್ಜ ಹಂದಿಗಿ ಅನ್ನಬಹುದಿತ್ತಲ್ಲ, ಅಕ್ಕಾ?"

"ಅನ್ನಬಹುದಿತ್ತು," ಎಂದೆ.

ಅವನು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಒಪ್ಪಿಸಿಬಿಡೋಣ ನಡಿ ಎಂದವನು ಅವನೇ, ನಾನಲ್ಲ.

ಠಾಣೆಯಲ್ಲಿ ಸಹಿಗಳಾದವು. ಪೇದೆ ಬಂದೂಕಿನ ನಂಬರನ್ನು ಎರಡು ಸಲ ಓದಿ ಬರೆದುಕೊಂಡ. ನಾನು ಬಗ್ಗಿ ನೋಡಿದೆ, ನಳಿಗೆ ಕಟ್ಟಿಗೆಯನ್ನು ಕೂಡುವ ಸಂದಿಯಲ್ಲಿ ಬೂದಿಬಣ್ಣಕ್ಕೆ ತಿರುಗಿದ ಏನೋ ಒಂದಿಷ್ಟು ಮೆತ್ತಿಕೊಂಡಿತ್ತು. ಧೂಳೇ ಇರಬಹುದು. ನನಗೆ ಅದು ಹಿಟ್ಟೇ. ಬಂದೂಕನ್ನು ಎತ್ತಿಕೊಂಡು ಒಳಗೆ ಹೊರಟ ಪೇದೆ ತಿರುಗಿ ಹೇಳಿದ, "ಬಟ್ಟಿ ಲಿಸ್ಟಿನ್ಯಾಗ ಇಲ್ರೀ ಅಕ್ಕೋರ, ಒಯ್ರಿ."

ಹೊರಗೆ ಹೆಜ್ಜೆ ಇಟ್ಟರೆ ಕಣ್ಣು ಬಿಡಲಾಗದ ಬಿಸಿಲು. ಬಸ್ ನಿಲ್ದಾಣದ ತನಕ ನಡೆಯಬೇಕು. ಶರಣಪ್ಪ ನನ್ನ ಕೈಯಿಂದ ಆ ಕೆಂಪು ಬಟ್ಟೆಯನ್ನು ತೆಗೆದುಕೊಂಡು ಎರಡು ಸಲ ಕೊಡವಿ, ತಲೆಗೆ ಸುತ್ತತೊಡಗಿದ. ಎಣ್ಣೆಯ ಕಲೆಗಳು, ತುಕ್ಕಿನ ಉದ್ದನೆಯ ಗೆರೆ, ಯಾವುದನ್ನೂ ಅವನು ಲೆಕ್ಕಕ್ಕೆ ತರಲಿಲ್ಲ. ಕೆಸರಿಗೆ ಬಿದ್ದ ದಿನದಿಂದ ಆ ರುಮಾಲು ಯಾರ ತಲೆಯನ್ನೂ ಏರಿರಲಿಲ್ಲ. ನಾನು ನೋಡುತ್ತ ನಿಂತದ್ದನ್ನು ಕಂಡು ಅವನು ನಕ್ಕ. ನಾನು ಏನೂ ಕೇಳಿರಲಿಲ್ಲ, ಆದರೂ ಹೇಳಿದ.

"ಬಿಸಲಿಗಿ, ಅಕ್ಕಾ."